ಒದ್ದೆ ನೆಲದ ಗಿಡ

ಅಕ್ಕ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅಡುಗೆಮನೆಯ ಹಿಂದಿನ ಆ ಒಂದು ಪಟ್ಟಿ ನೆಲ ಒಣಗಿದ್ದನ್ನು ಕಂಡಿರಲಿಲ್ಲ. ಪಾತ್ರೆ ತೊಳೆದ ನೀರು, ಬಟ್ಟೆ ಒಗೆದ ನೀರು ಎಲ್ಲ ಅಲ್ಲಿಗೇ ಹರಿದು ಬಂದು ನಿಲ್ಲುತ್ತಿತ್ತು. ಗುಲಾಬಿ ನೆಟ್ಟರೆ ಬೇರು ಕೊಳೆಯಿತು. ಹುಲ್ಲು ಹಾಸಿದರೆ ಅದೂ ಹಳದಿಯಾಗಿ ಸತ್ತಿತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ, ಆ ಓದನ್ನು ಎಲ್ಲಿಯೂ ಉಪಯೋಗಿಸಲಾಗದೆ ಮನೆಯಲ್ಲಿ ಕುಳಿತಿದ್ದ ಅಕ್ಕನಿಗೆ ಆ ಕೆಸರು ದಿನವೂ ಅಣಕಿಸಿದಂತಾಗುತ್ತಿತ್ತು.

ನರ್ಸರಿಯವನು ಒಂದು ಟ್ರೇ ತೋರಿಸಿದ. ಹೃದಯದ ಆಕಾರದ ಪುಟ್ಟ ಎಲೆಗಳು. ನಡುವೆ ಹಸಿರು, ಅಂಚಿಗೆ ತಿಳಿ ಹಳದಿ, ಮೇಲೆ ಅಲ್ಲಲ್ಲಿ ಕೆಂಪು ಶಾಯಿ ಚೆಲ್ಲಿದ ಹಾಗೆ.

“ಊಸರವಳ್ಳಿ ಗಿಡ ಅಂತಾರೆ ಮೇಡಂ. ನೀರು ನಿಂತಷ್ಟೂ ಖುಷಿ ಇದಕ್ಕೆ. ನೆಲ ಪೂರ್ತಿ ಮುಚ್ಚಿಬಿಡುತ್ತೆ, ಕಳೆ ಕೀಳೋ ರಗಳೆ ಇಲ್ಲ. ನೆಟ್ಟು ಮರೆತುಬಿಡಿ.”

“ಇಷ್ಟು ಚೆನ್ನಾಗಿದೆ, ಬೇರೆ ಯಾರೂ ಯಾಕೆ ತಗೊಂಡಿಲ್ಲ?”

ಅವನು ಮೂಗು ಉಜ್ಜಿಕೊಂಡು ನಕ್ಕ. “ಎಲೆ ಹಿಸುಕಿ, ಮೂಸಿ ನೋಡಿ, ವಾಪಸ್ ಇಟ್ಟು ಹೋಗ್ತಾರೆ. ನೀವು ಹಿಸುಕೋಕೆ ಹೋಗ್ಬೇಡಿ, ಅಷ್ಟೇ. ಊರಿಗೆಲ್ಲ ಇದೊಂದೇ ಟ್ರೇ ತರಿಸಿದ್ದು. ಇನ್ನು ತರಿಸಲ್ಲ.”

ಒಂದು ಮಳೆಗಾಲ ಕಳೆಯುವುದರೊಳಗೆ ಆ ಪಟ್ಟಿಯಲ್ಲಿ ಕೆಸರು ಕಾಣದಾಯಿತು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಯಾರೋ ಬಣ್ಣದ ಕಂಬಳಿ ಹಾಸಿದಂತಿತ್ತು. ಮನೆಗೆ ಬಂದವರು ಹಿತ್ತಲ ಬಾಗಿಲಲ್ಲಿ ನಿಂತು, “ಅಯ್ಯೋ, ಎಷ್ಟು ಚೆಂದ!” ಎಂದು ಫೋಟೊ ತೆಗೆದುಕೊಂಡು ಹೋದರು. ಅಕ್ಕ ಅದನ್ನು ದಿನಕ್ಕೊಮ್ಮೆಯಾದರೂ ನೋಡುತ್ತ ನಿಲ್ಲುತ್ತಿದ್ದಳು. ಕಲ್ಲುಚಪ್ಪಡಿಯ ಸಂದಿನಿಂದ ಹೊಸ ಚಿಗುರು ಇಣುಕಿದಾಗ ಮಾತ್ರ ಸ್ವಲ್ಪ ಅಳುಕಾಗುತ್ತಿತ್ತು. ಕಿತ್ತರೆ ಬೇರು ಪೂರ್ತಿ ಬರುತ್ತಿರಲಿಲ್ಲ. ಒಳಗೆ ಉಳಿದ ತುಂಡು ವಾರ ಕಳೆಯುವುದರೊಳಗೆ ಎರಡು ಗಿಡವಾಗಿ ತಲೆ ಎತ್ತುತ್ತಿತ್ತು.

ಅತ್ತೆ ಅದನ್ನು ಕಣ್ಣಿಂದ ನೋಡಲಿಲ್ಲ, ಮೂಗಿನಿಂದ ನೋಡಿದರು. ಎರಡು ಸಲ ಆಪರೇಷನ್ ಆದರೂ ಅವರಿಗೆ ಎದುರಿನವರ ಮುಖ ಮಂಜು ಮಂಜು. ಆದರೆ ಮೂಗು ಸಾಮಾನ್ಯದ್ದಲ್ಲ. ಸೋಪಿನ ಕಾರ್ಖಾನೆಯಲ್ಲಿ ನಿವೃತ್ತಿಯಾಗುವವರೆಗೆ ಅವರ ಕೆಲಸವೇ ಅದು: ಕುದಿಸಿದ ಪ್ರತಿ ಸರಕನ್ನೂ ಮುಂಗೈಗೆ ಸವರಿಕೊಂಡು, ಉಸಿರು ತಡೆದು ತಡೆದು ಮೂಸಿ, ಸಾಗಿಸಬಹುದೇ ಬೇಡವೇ ಎಂದು ಹೇಳುವುದು. ಮೂಗು ಕೆಡುತ್ತದೆಂದು ಆ ಕಾಲದಲ್ಲಿ ಬಿಟ್ಟ ಈರುಳ್ಳಿಯನ್ನು ಅವರು ಮತ್ತೆ ಮುಟ್ಟಿರಲಿಲ್ಲ.

ಒಂದು ಎಲೆ ಕಿತ್ತು ಮುಂಗೈಗೆ ಉಜ್ಜಿಕೊಂಡರು. ಕಣ್ಣು ಮುಚ್ಚಿದರು.

“ಮೊದಲು ಕೊತ್ತಂಬರಿ. ಆಮೇಲೆ ಹಸಿ ಮೀನು. ಕೊನೆಗೆ ಒದ್ದೆ ಕಬ್ಬಿಣ.” ಕೈ ಸೆರಗಿಗೆ ಒರೆಸಿಕೊಂಡರು. “ನೋಡೋಕೆ ಚೆಂದ, ಮುಟ್ಟಿದರೆ ನಾತ. ಥೇಟ್ ನಿನ್ನ ತಂಗಿ.”

ತಂಗಿಯ ಹೆಸರೆತ್ತಿದಾಗ ಏನೂ ಹೇಳದಿರುವುದನ್ನು ಅಕ್ಕ ರೂಢಿ ಮಾಡಿಕೊಂಡಿದ್ದಳು.

ತಂಗಿಯನ್ನು ಅತ್ತೆ ತಮ್ಮ ಅಣ್ಣನ ಮಗನಿಗೇ ಮುಂದೆ ನಿಂತು ತಂದುಕೊಂಡಿದ್ದರು. ಅವನು ಟೈಲ್ಸ್ ವ್ಯಾಪಾರಿ. ನಾಲ್ಕು ಜನರ ಎದುರು ಬಾಯಲ್ಲಿ ಬೆಣ್ಣೆ. ಬಾಗಿಲು ಹಾಕಿಕೊಂಡರೆ ಕೈ ಮಾತಾಡುತ್ತಿತ್ತು. ತಂಗಿಯ ಎಡಗಿವಿ ಕೇಳಿಸದಾದ ಮೇಲೆ ಅವಳು ಮಗಳನ್ನು ಎತ್ತಿಕೊಂಡು ಮನೆ ಬಿಟ್ಟಳು. ದೂರದ ಯಾವುದೋ ದೊಡ್ಡ ಊರಿಗೆ ಹೋಗಿದ್ದಾಳೆಂದು ಎಲ್ಲರೂ ನಂಬಿದ್ದರು. ಆ ಮಾತನ್ನು ಹಬ್ಬಿಸಿದವಳು ಅಕ್ಕ. ನಿಜದಲ್ಲಿ ತಂಗಿ ಇದ್ದದ್ದು ಇವರ ಮನೆಯ ಹಿಂದಿನ ಗಲ್ಲಿಯಲ್ಲಿ, ಹೊಲಿಗೆ ಅಂಗಡಿಯ ಹಿಂಬದಿಯ ಒಂದೇ ಕೋಣೆಯಲ್ಲಿ. ಇಷ್ಟು ಹತ್ತಿರ ಯಾರೂ ಹುಡುಕುವುದಿಲ್ಲ ಎಂಬುದು ಅಕ್ಕನ ಲೆಕ್ಕ. ಜೊತೆಗೆ, ತಾರಸಿ ಹತ್ತಿದರೆ ಆ ಕೋಣೆಯ ಬಾಗಿಲು ಕಾಣುತ್ತಿತ್ತು. ಬಟ್ಟೆ ಒಣಹಾಕುವ ನೆಪದಲ್ಲಿ ಅವಳು ಬಾಗಿಲು ಮುಚ್ಚಿದೆಯೇ ಎಂದು ದಿನವೂ ನೋಡಬಹುದಿತ್ತು. ಗಂಡ ಫೋನಿನಿಂದ ಪತ್ತೆ ಹಚ್ಚಿಯಾನೆಂದು ತಂಗಿ ಫೋನನ್ನೇ ಇಟ್ಟುಕೊಂಡಿರಲಿಲ್ಲ. ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ: “ಅವಳು ಎಲ್ಲಿ ಬೇಕಾದರೂ ಸಾಯಲಿ. ಮಗು ನಂದು. ಸಿಕ್ಕಿದ ದಿನ ಎತ್ಕೊಂಡು ಬರ್ತೀನಿ.”

ಅತ್ತೆ ಮಧ್ಯಾಹ್ನ ಮಲಗಿದಾಗ ಅಕ್ಕ ಹಿತ್ತಲ ಬಾಗಿಲಿನಿಂದ ಹೋಗಿ ಬರುತ್ತಿದ್ದಳು. ಚಿಲಕಕ್ಕೆ ಎಣ್ಣೆ ಬಿಟ್ಟಿದ್ದಳು. ಗಿಡವನ್ನು ತುಳಿಯದಂತೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುತ್ತಿದ್ದಳು. ಕಂಪನಿ ಕೆಲಸಕ್ಕೆ ತಿಂಗಳಲ್ಲಿ ಮುಕ್ಕಾಲು ಪಾಲು ಊರೂರು ತಿರುಗುವ ಗಂಡನಿಗೂ ಅವಳು ಹೇಳಿರಲಿಲ್ಲ. ಹೇಳಿದ್ದರೆ ಅವನ ಉತ್ತರ ಅವಳಿಗೆ ಗೊತ್ತಿತ್ತು: “ನೋಡು, ಅಮ್ಮನ ವಿಷಯಕ್ಕೆ ನನ್ನ ಎಳೀಬೇಡ.”

ತಂಗಿಯ ಕೋಣೆಯ ಮುಂದೆಯೂ ಒಂದು ನಲ್ಲಿ, ಅದರ ಕೆಳಗೆ ಪಾಚಿಗಟ್ಟಿದ ನೆಲ. ಮಗಳು, ಎಲ್ಲರ ಬಾಯಲ್ಲಿ ಚಿಲ್ಟು, ಅಲ್ಲಿ ಜಾರಿ ಬೀಳುತ್ತಿದ್ದಳು. ಒಂದು ದಿನ ಅಕ್ಕನ ಸೀರೆಯ ಅಂಚಿಗೆ ಅಂಟಿ ಬಂದ ಎಲೆಯನ್ನು ಚಿಲ್ಟು ಬಿಡಿಸಿಕೊಂಡು ಬೆಳಕಿಗೆ ಹಿಡಿದು, “ದೊಡ್ಡಮ್ಮ, ಇದಕ್ಕೆ ಬಣ್ಣ ಹಚ್ಚಿದ್ದು ಯಾರು?” ಎಂದಿತು.

“ತಂದ್ಕೊಡೆ ಅಕ್ಕ, ಒಂದು ಹಿಡಿ,” ಎಂದಳು ತಂಗಿ. ಅವಳ ಮಡಿಲಲ್ಲಿ ಆಸ್ಪತ್ರೆಗೆಂದು ಹೊಲಿಯುತ್ತಿದ್ದ ಪರದೆಗಳ ರಾಶಿಯಿತ್ತು, ಎಲ್ಲವೂ ಒಂದೇ ಬೂದಿ ಬಣ್ಣದವು. “ಇಲ್ಲಿ ನೋಡೋಕೆ ಏನಿದೆ ಹೇಳು? ಕಿಟಕಿ ತೆಗೆದರೆ ಮೋರಿ, ಮುಚ್ಚಿದರೆ ಪರದೆ.”

ಅಕ್ಕ ಕುಂಡದಲ್ಲಿ ನೆಟ್ಟು ಕೊಟ್ಟಳು. “ಕುಂಡದಲ್ಲೇ ಇರಲಿ. ನೆಲಕ್ಕೆ ಬಿಡಬೇಡ. ಇದು ನೆಲ ಕಂಡರೆ ಬಿಡಲ್ಲ.”

“ಆಯ್ತು ಮೇಷ್ಟ್ರೇ.”

ಕುಂಡ ಒಡೆದದ್ದು ಚಿಲ್ಟುವಿನಿಂದಲೋ ಬೀದಿನಾಯಿಯಿಂದಲೋ ಯಾರೂ ನೋಡಲಿಲ್ಲ. ಮುಂದಿನ ಮಳೆ ನಿಲ್ಲುವಷ್ಟರಲ್ಲಿ ನಲ್ಲಿಯ ಕೆಳಗಿನ ಪಾಚಿ ಮಾಯವಾಗಿ ಕೆಂಪು ಹಳದಿ ಎಲೆಗಳು ಕೋಣೆಯ ಮೆಟ್ಟಿಲವರೆಗೂ ಬಂದಿದ್ದವು. ಹೊಲಿಗೆ ಅಂಗಡಿಗೆ ಬಂದವರು ಹಿಂದಕ್ಕೆ ಇಣುಕಿ ಹೊಗಳುತ್ತಿದ್ದರು. ತಂಗಿ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅದನ್ನು ನೋಡುತ್ತಾಳೆಂದು ಅಂಗಡಿಯ ಯಜಮಾನಿ ಹೇಳಿದಾಗ ಅಕ್ಕನಿಗೆ ಬೈಯಲು ಬಾಯಿ ಬರಲಿಲ್ಲ.

ಗಿಡ ಸುಮ್ಮನಿದ್ದಷ್ಟು ದಿನ ವಾಸನೆಯೂ ಇರಲಿಲ್ಲ. ಆಮೇಲೆ ಮನೆಯ ಮುಂದಿನ ರಸ್ತೆಯನ್ನು ಪೈಪು ಹಾಕಲು ಅಗೆದರು.

ಅತ್ತೆ ದಿನವೂ ಸಂಜೆ ಅಕ್ಕನ ತೋಳು ಹಿಡಿದು ವಾಕಿಂಗ್ ಹೋಗುತ್ತಿದ್ದರು. ಮುಂದಿನ ರಸ್ತೆಯಲ್ಲಿ ಹೋಗಿ, ಪಾರ್ಕಿನ ಗೇಟು ಮುಟ್ಟಿ, ಬಂದ ದಾರಿಯಲ್ಲೇ ವಾಪಸ್. ರಸ್ತೆ ಅಗೆದ ದಿನ ಅವರು ಹೊಂಡದ ಅಂಚಿನಲ್ಲಿ ಕೋಲು ಊರಿ ನಿಂತು, “ನಾಳೆಯಿಂದ ಹಿಂದಿನ ಗಲ್ಲಿಯಿಂದ ಸುತ್ತಿ ಹೋಗೋಣ,” ಎಂದರು.

“ಅಲ್ಲಿ ಮೋರಿ ವಾಸನೆ, ಅತ್ತೆ.”

“ಮೋರಿ ನನಗೇನು ಹೊಸದಾ? ಸೋಪು ಏನು ಹಾಕಿ ಮಾಡ್ತಾರೆ ಅಂತ ಹೇಳಿದರೆ ನೀನು ಸ್ನಾನ ಬಿಡ್ತೀಯ.”

ಅಕ್ಕ ಆ ರಾತ್ರಿಯೆಲ್ಲ ಗಲ್ಲಿಯುದ್ದಕ್ಕೂ ಮನಸ್ಸಿನಲ್ಲೇ ನಡೆದಳು. ಮಂಜುಗಣ್ಣಿಗೆ ತಂಗಿ ಕಾಣುವುದಿಲ್ಲ. ಒಳಗಿದ್ದರೆ ದನಿ ಕೇಳಿಸುವುದಿಲ್ಲ. ಆದರೆ ಆ ನಲ್ಲಿಯ ಹತ್ತಿರ ಯಾರಾದರೂ ಒಂದು ಹೆಜ್ಜೆ ತಪ್ಪಿ ಇಟ್ಟರೆ? ಚಿಲ್ಟು ಓಡಿದರೆ? ಆ ವಾಸನೆ ಊರಲ್ಲಿ ಇನ್ನೆಲ್ಲೂ ಇಲ್ಲ. ಅದನ್ನು ಇಲ್ಲಿಂದ ಅಲ್ಲಿಗೆ ಒಯ್ದವರು ಯಾರೆಂದು ಕೇಳಿಕೊಳ್ಳಲು ಅತ್ತೆಗೆ ಎಷ್ಟು ಹೊತ್ತು ಬೇಕು?

ಮಾರನೆಯ ಮಧ್ಯಾಹ್ನ ಅತ್ತೆಯ ಗೊರಕೆ ಕೇಳಿಸಿದ ಕೂಡಲೇ ಅವಳು ಕಳೆ ಕೀಳುವ ಕುರ್ಪಿ ಹಿಡಿದು ಹೋದಳು.

“ಇದನ್ನ ಈಗಲೇ ಕೀಳಬೇಕು. ಪೂರ್ತಿ.”

“ಯಾಕೆ?” ತಂಗಿಯ ಕಾಲು ಹೊಲಿಗೆ ಯಂತ್ರದ ಮೇಲೆಯೇ ನಿಂತಿತು. “ಏನಾಯ್ತು?”

ಅಕ್ಕ ಹೇಳಿದಳು. ತಂಗಿ ಮೊದಲು ನಕ್ಕಳು.

“ಎಲೆ ಮೂಸಿ ನನ್ನ ಹಿಡೀತಾರಾ? ಅವರೇನು ಪೊಲೀಸ್ ನಾಯಿನಾ?”

“ನಗಬೇಡ ಕಣೇ. ನಿನಗೆ ಅವರು ಗೊತ್ತಿಲ್ಲ.”

“ನನಗೆ ಗೊತ್ತಿಲ್ವಾ? ಕಿವಿಯಲ್ಲಿ ರಕ್ತ ಬಂದ ದಿನ ಫೋನ್ ಮಾಡಿದ್ದೆ ಅವರಿಗೆ. ‘ಹತ್ತಿ ಇಟ್ಕೋ’ ಅಂದರು.” ತಂಗಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. “ಅಕ್ಕ, ತುಳೀದೆ ಇದ್ದರೆ ವಾಸನೆ ಬರಲ್ಲ ಅಂತ ನೀನೇ ಹೇಳಿದ್ದೆ. ಸಂಜೆ ನಾನು ಚಿಲ್ಟೂನ ಒಳಗೇ ಇಟ್ಕೋತೀನಿ. ಬಿಡು ಇದನ್ನ. ನನಗೆ ಇದೊಂದಿದೆ.”

“ದಿನಾ ಸಂಜೆ ಮಗೂನ ಕಟ್ಟಿ ಹಾಕ್ತೀಯಾ? ನಾಯಿ ತುಳಿದರೆ? ಅಂಗಡಿಗೆ ಬಂದವರು ತುಳಿದರೆ?”

“ನಿನ್ನ ಹೆದರಿಕೆಗೆ ಒಂದು ಕೊನೆ ಇಲ್ಲ. ಇವತ್ತು ಗಿಡ, ನಾಳೆ ನಾನು ಕೆಮ್ಮಬಾರದು ಅಂತೀಯ.”

ಅಕ್ಕ ಕುಕ್ಕರುಗಾಲಲ್ಲಿ ಕುಳಿತು ಕುರ್ಪಿ ಇಳಿಸಿದಳು. ಕೊನೆಗೆ ತಂಗಿಯೂ ಇಳಿದು ಬಂದು ಕೈಹಾಕಿದಳು. ಬೇರುಗಳು ಬಿಳಿ ದಾರದ ಹಾಗೆ ಒಂದರೊಳಗೊಂದು ಹೆಣೆದುಕೊಂಡಿದ್ದವು. ಎಳೆದರೆ ಪಟಪಟನೆ ತುಂಡಾಗುತ್ತಿದ್ದವು. ಪ್ರತಿ ತುಂಡಿಗೂ ಅಕ್ಕ ಮಣ್ಣು ಕೆದಕಿದಳು. ಎಲೆಗಳು ಕೈಯಲ್ಲಿ, ಕಾಲ ಕೆಳಗೆ, ಮಂಡಿಯ ಅಡಿಯಲ್ಲಿ ಜಜ್ಜಿಹೋದವು. ವಾಸನೆ ಎದ್ದಿತು. ಗಂಟಲಿಗೆ ಅಂಟುವಂಥ ವಾಸನೆ. ಚಿಲ್ಟು ಮೂಗು ಹಿಡಿದುಕೊಂಡು, “ದೊಡ್ಡಮ್ಮ ಮೀನು ಹಿಡೀತಿದಾಳೆ,” ಎಂದು ಕುಣಿಯಿತು.

ಹೀಗಾಗುತ್ತದೆಂದು ಅಕ್ಕನಿಗೆ ಗೊತ್ತಿತ್ತು. ಸಂಜೆಯೊಳಗೆ ಗಾಳಿ ಒಯ್ದುಬಿಡುತ್ತದೆ, ಆಮೇಲೆ ಯಾವತ್ತೂ ಇರುವುದಿಲ್ಲ ಎಂದು ಅವಳು ಎಣಿಸಿದ್ದಳು. ಆದರೆ ಅವತ್ತು ಮೋಡ ತಲೆಯ ಮೇಲೆಯೇ ಕುಳಿತಿತ್ತು. ಒಂದು ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ.

ಕಿತ್ತದ್ದೆಲ್ಲ ಒಂದು ಗುಡ್ಡೆಯಾಯಿತು. “ಇದನ್ನೇನು ಮಾಡಲಿ?” ಎಂದಳು ತಂಗಿ.

“ಬಾಗಿಲ ಪಕ್ಕ ಇಡು. ಬೆಳಿಗ್ಗೆ ಕಸದ ಗಾಡಿಗೆ ಹಾಕು. ಮೋರಿಗೆ ಮಾತ್ರ ಎಸೀಬೇಡ, ಅಲ್ಲೂ ಬೆಳೆಯುತ್ತೆ.”

ಮನೆಗೆ ಬಂದು ಅಕ್ಕ ಸೋಪಿನಿಂದ ಕೈ ತೊಳೆದಳು. ನಿಂಬೆಹಣ್ಣಿನಿಂದ ಉಜ್ಜಿ ಮತ್ತೆ ಸೋಪು ಹಚ್ಚಿದಳು. ಸೀರೆ ಬದಲಿಸಿ, ಬಿಚ್ಚಿದ್ದನ್ನು ನೆನೆಹಾಕಿದಳು. ಸಂಜೆ ತಲೆನೋವೆಂದು ನೆಪ ಹೇಳಿ ನೋಡಿದಳು.

“ಗಾಳಿಗೆ ಬಂದರೆ ಹೋಗುತ್ತೆ, ನಡಿ,” ಎಂದರು ಅತ್ತೆ, ಕೋಲು ತೆಗೆದುಕೊಳ್ಳುತ್ತ.

ಗಲ್ಲಿಯ ಬಾಯಿಗೆ ಬರುವವರೆಗೂ ಅವರು ಪಕ್ಕದ ಮನೆಯವರ ಹೊಸ ಕಾರಿನ ಬಗ್ಗೆ ಹೇಳುತ್ತಿದ್ದರು. ತಿರುವಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ಅವರ ಗದ್ದ ಸ್ವಲ್ಪ ಮೇಲಕ್ಕೆ ಎದ್ದಿತು. ಒಂದು ಸಣ್ಣ ಉಸಿರು, ತಡೆ. ಇನ್ನೊಂದು ಉಸಿರು, ತಡೆ.

“ನಮ್ಮ ಹಿತ್ತಲು ಇಲ್ಲಿಗೆ ಯಾವಾಗ ಬಂತೇ?”

“ಮೀನು ಮಾರುವವನು ಹೋಗಿರಬೇಕು, ಅತ್ತೆ.”

“ಕೊತ್ತಂಬರಿ ಚೆಲ್ಕೊಂಡು ಹೋದನಾ?”

ಅಕ್ಕ ನಗಲು ಪ್ರಯತ್ನಿಸಿದಳು. ಅತ್ತೆ ತಾವು ಹಿಡಿದಿದ್ದ ಅವಳ ಕೈಯನ್ನು ಮೆಲ್ಲಗೆ ಎತ್ತಿ ಮೂಗಿನ ಹತ್ತಿರ ತಂದುಕೊಂಡರು. ಯಾರಾದರೂ ನೋಡಿದ್ದರೆ ಮುದ್ದು ಮಾಡುತ್ತಿದ್ದಾರೆ ಎನ್ನುತ್ತಿದ್ದರು.

“ಸೋಪು. ಅದರ ಮೇಲೆ ನಿಂಬೆ. ಅದರ ಮೇಲೆ ಮತ್ತೆ ಸೋಪು.” ಕೈ ಬಿಟ್ಟರು. “ಪಾಪ, ಎಷ್ಟು ತೊಳೆದಿದ್ದೀಯ. ಮಂಡಿ ನೋಯ್ತಿದೆ, ಹೋಗೋಣ ವಾಪಸ್.”

ದಾರಿಯುದ್ದಕ್ಕೂ ಅವರು ಆ ಕಾರಿನ ಬಣ್ಣ ಯಾವುದೆಂದು ಕೇಳಿದರು.

ಮನೆಗೆ ಬಂದ ಮೇಲೆ ಎಣ್ಣೆ ಬಿಸಿ ಮಾಡಿ ತರಲು ಹೇಳಿದರು. ಅಕ್ಕ ಒಲೆಯ ಮುಂದೆ ನಿಂತಿದ್ದಾಗ ಗೋಡೆಯಾಚೆಯಿಂದ ಫೋನಿನ ಮಾತು ಕೇಳಿಸಿತು. “ಹ್ಞೂ... ಹಿಂದಿನ ಗಲ್ಲೀನೇ... ಇಲ್ಲ, ಬಾಗಿಲು ಯಾವುದು ಅಂತ ಗೊತ್ತಿಲ್ಲ... ಬಾ ನೀನು.”

ಎಣ್ಣೆ ಹೊಗೆಯಾಡುವವರೆಗೂ ಅವಳು ಹಾಗೇ ನಿಂತಿದ್ದಳು.

ಅತ್ತೆ ಕುರ್ಚಿಯಲ್ಲಿ ಕುಳಿತು ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿದ್ದರು. ಅಕ್ಕ ನೆಲದ ಮೇಲೆ ಕುಳಿತು ಎಣ್ಣೆ ಹಚ್ಚತೊಡಗಿದಳು. ಮುಂಬಾಗಿಲೂ ತೆರೆದಿತ್ತು, ಹಿತ್ತಲ ಬಾಗಿಲೂ ತೆರೆದಿತ್ತು.

“ಓಡಬೇಕು ಅನ್ನಿಸ್ತಿದೆ ಅಲ್ವಾ?” ಎಂದರು ಅತ್ತೆ. “ಓಡು. ನಾನೇನು ಹಿಡ್ಕೊಂಡಿಲ್ಲ. ಅವನ ಅಂಗಡಿ ಇಲ್ಲೇ ಹತ್ತಿರ, ಇಷ್ಟು ಹೊತ್ತಿಗೆ ಗಲ್ಲಿ ಬಾಯಲ್ಲಿ ಕಾರು ನಿಲ್ಲಿಸ್ಕೊಂಡಿರ್ತಾನೆ. ಅಲ್ಲಿ ಎಷ್ಟೊಂದು ಬಾಗಿಲು! ನೀನು ಯಾವುದನ್ನ ತಟ್ತೀಯೋ ಅದೇ ಅಂತ ಅವನಿಗೂ ತಿಳಿಯುತ್ತೆ.”

“ಅತ್ತೆ, ಅವನು ಅವಳನ್ನ ಕೊಲ್ತಾನೆ.”

“ಕೊಂದರೆ ಅವನೇ ಜೈಲಿಗೆ ಹೋಗ್ತಾನೆ, ಅಷ್ಟು ದಡ್ಡ ಅಲ್ಲ. ಮಂಡಿ ಕೆಳಗೆ ಒತ್ತು. ಹ್ಞಾ, ಅಲ್ಲೇ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ನನ್ನ ಮೂಗಿನ ಕೆಳಗೆ ಇಟ್ಕೊಂಡಿದ್ದೆಯಲ್ಲೇ. ಮುದುಕಿಗೆ ಕಣ್ಣು ಕಾಣಲ್ಲ, ಆಟ ಆಡಿಸೋಣ ಅಂತ. ನನ್ನ ಅಣ್ಣ ಕೊನೆಗಾಲದಲ್ಲಿ ಆ ಮಗು ಮುಖ ನೋಡದೆ ಸತ್ತ. ಆವಾಗ ನೀನು ನನ್ನ ಪಕ್ಕದಲ್ಲೇ ಕೂತು ಅಳ್ತಾ ಇದ್ದೆ.”

ಅಕ್ಕನ ಕೈ ಮಂಡಿಯ ಕೆಳಗೆ ಒತ್ತುತ್ತಲೇ ಇತ್ತು. ಯೋಚನೆ ಮಾತ್ರ ಗಲ್ಲಿಯಲ್ಲಿತ್ತು. ಹೋಗಬಾರದು. ಹೋದರೆ ತೋರಿಸಿಕೊಟ್ಟಂತೆ. ಅವನು ಒಂದೊಂದೇ ಬಾಗಿಲು ತಟ್ಟಲಿ. ಹೊಲಿಗೆ ಅಂಗಡಿಯ ಯಜಮಾನಿ ಗಟ್ಟಿಗಿತ್ತಿ, ಯಾರೂ ಇಲ್ಲ ಎಂದು ಕಳಿಸಿಬಿಡುತ್ತಾಳೆ. ತಂಗಿ ಸದ್ದಿಲ್ಲದೆ ಇದ್ದರಾಯಿತು. ತಾನು ಇಲ್ಲಿ ಕುಳಿತಿರುವುದೇ ಅವಳಿಗೆ ರಕ್ಷಣೆ. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ ಅವಳು ಬಲಗಾಲಿನ ಪಾದದವರೆಗೆ ಬಂದಳು. ಒಂದೊಂದೇ ಬೆರಳು ಎಳೆದಳು.

“ಅವನಿಗೆ ಹೇಳಿದೆ,” ಎಂದರು ಅತ್ತೆ, “ಗಲ್ಲಿ ಕಡೆಯಿಂದ ನಮ್ಮ ಹಿತ್ತಲಿಗೆ ಇಣುಕಿ ಒಂದು ಎಲೆ ನೋಡ್ಕೊಂಡು ಹೋಗು ಅಂತ. ನಾನಾದರೆ ಮೂಸಬೇಕು. ಅವನಿಗೆ ಕಣ್ಣಿದೆ.”

ಅಕ್ಕನಿಗೆ ಆಗ ಹೊಳೆಯಿತು. ಗುಡ್ಡೆ. ಬಾಗಿಲ ಪಕ್ಕ ಇಡು ಎಂದವಳು ತಾನೇ. ಆ ಬೂದು ಗಲ್ಲಿಯಲ್ಲಿ ಕೆಂಪು ಹಳದಿಯ ಅಷ್ಟು ದೊಡ್ಡ ಗುಡ್ಡೆ, ಒಂದೇ ಬಾಗಿಲ ಮುಂದೆ.

ಬಟ್ಟಲು ಪಕ್ಕಕ್ಕೆ ಸರಿಸಿ ಅವಳು ಓಡಿದಳು. ಕಲ್ಲು ನೋಡಲಿಲ್ಲ, ಗಿಡಗಳ ಮೇಲೆಯೇ ಓಡಿದಳು. ಎಣ್ಣೆಯ ಕೈಗೆ ಹಿತ್ತಲ ಗೇಟಿನ ಚಿಲಕ ಜಾರಿತು; ಸೆರಗಿನಿಂದ ಹಿಡಿದು ಎಳೆದಳು.

ಕಾರು ಆಗಲೇ ಹೊಲಿಗೆ ಅಂಗಡಿಯ ಮುಂದಿತ್ತು. ಹಿಂದಿನ ಸೀಟಿನಲ್ಲಿ ಯಾರೋ ಗಂಡಸಿನ ತೊಡೆಯ ಮೇಲೆ ಚಿಲ್ಟು ಇತ್ತು. ಅಳುತ್ತಿರಲಿಲ್ಲ. ಅದರ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟಿದ್ದರು, ಅದನ್ನು ಬಿಚ್ಚುವುದರಲ್ಲಿ ಅದು ಮುಳುಗಿತ್ತು. ಅಂಗಡಿಯ ಯಜಮಾನಿ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ಕೂಗಾಡುತ್ತಿದ್ದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ನಿಂತಿದ್ದರು. ತಂಗಿಯ ಗಂಡ ಯಾರ ಮೇಲೂ ದನಿ ಎತ್ತಲಿಲ್ಲ. ಕಾರಿನ ಬಾಗಿಲು ತೆಗೆದು ಹಿಡಿದು, ಎಲ್ಲರಿಗೂ ಕೇಳಿಸುವಂತೆ, “ಯಾರೂ ಯಾರನ್ನೂ ಎಳ್ಕೊಂಡು ಹೋಗ್ತಿಲ್ಲ. ನನ್ನ ಮಗಳು ನನ್ನ ಕಾರಲ್ಲಿದ್ದಾಳೆ. ಅವಳಮ್ಮ ಬರೋದಾದರೆ ಬರಬಹುದು, ಇರೋದಾದರೆ ಇರಬಹುದು,” ಎಂದ.

ತಂಗಿ ಮೆಟ್ಟಿಲ ಮೇಲೆ ನಿಂತಿದ್ದಳು. ಉಗುರಿನಲ್ಲಿ ಇನ್ನೂ ಮಣ್ಣಿತ್ತು. ಅವಳು ಗಂಡನನ್ನು ನೋಡಲಿಲ್ಲ, ಕಾರಿನ ಕಿಟಕಿಯನ್ನು ನೋಡುತ್ತಿದ್ದಳು.

“ಹತ್ತಬೇಡ!” ಅಕ್ಕ ಅವಳ ತೋಳು ಹಿಡಿದಳು. “ಪೊಲೀಸರಿಗೆ ಹೇಳೋಣ. ವಕೀಲರ ಹತ್ತಿರ ಹೋಗೋಣ. ನಾಳೇನೇ ಹೋಗೋಣ ಕಣೇ.”

“ಇವತ್ತು ರಾತ್ರಿ ಅವಳು ಯಾರ ಜೊತೆ ಮಲಗ್ತಾಳೆ?” ಎಂದಳು ತಂಗಿ. ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಎಣ್ಣೆಯಿದ್ದುದರಿಂದ ಸುಲಭವಾಗಿ ಬಿಟ್ಟುಕೊಂಡವು. “ಸುಮ್ಮನೆ ಬಿಟ್ಟಿದ್ದರೆ ಆಗ್ತಿತ್ತು ಅಕ್ಕ. ಸುಮ್ಮನೆ ಇರ್ತಿತ್ತು ಅದು.”

ಗುಡ್ಡೆಯನ್ನು ದಾಟಿ, ಸೀರೆ ಸ್ವಲ್ಪ ಎತ್ತಿ ಹಿಡಿದು, ತಾನಾಗಿಯೇ ಹೋಗಿ ಕಾರು ಹತ್ತಿದಳು. ಬಾಗಿಲಲ್ಲಿ ನಿಂತಿದ್ದವರಲ್ಲಿ ಒಬ್ಬಳು, “ಅಬ್ಬ, ಅಂತೂ ಒಂದಾದರು,” ಎಂದಳು.

ಅಕ್ಕ ಮನೆಗೆ ಬಂದಾಗ ಅತ್ತೆ ಅದೇ ಕುರ್ಚಿಯಲ್ಲಿ ಕುಳಿತಿದ್ದರು. ಹಿತ್ತಲ ಬಾಗಿಲು ದಾಟಿ ಎರಡು ಹೆಜ್ಜೆ ಇಡುವಷ್ಟರಲ್ಲಿ, “ಎಷ್ಟು ತುಳ್ಕೊಂಡು ಬಂದಿದ್ದೀಯೇ, ಮನೆಯೆಲ್ಲ ನಾತ,” ಎಂದರು. “ಹೋದಳಾ?”

“ಹೋದಳು.”

“ಬುದ್ಧಿವಂತೆ.”

ಅಕ್ಕ ಗೋಡೆಗೆ ಒರಗಿ ನಿಂತಳು. ಬಾಯಿಗೆ ಬಂದದ್ದನ್ನೆಲ್ಲ ಹೇಳಿಬಿಡಬೇಕೆಂದು ಅವಳು ದಾರಿಯಲ್ಲಿ ಒಂದೊಂದು ಶಬ್ದವನ್ನೂ ಆರಿಸಿಕೊಂಡು ಬಂದಿದ್ದಳು. ಕಟ್ಟಿಕೊಂಡ ಗಂಡನನ್ನೂ ಬಿಟ್ಟು ಹೋಗುತ್ತೇನೆ ಎಂಬುದೂ ಅದರಲ್ಲಿತ್ತು.

“ನಿನ್ನ ತಂಗಿ ಗಂಡ ಮಾತು ಕೇಳೋದು ನಂದು ಒಬ್ಬಳದ್ದೇ,” ಎಂದರು ಅತ್ತೆ. “ಅವರಪ್ಪನ ಮಾತೂ ಕೇಳ್ತಿರಲಿಲ್ಲ. ದಿನಾ ಸಂಜೆ ಒಂದು ಫೋನ್ ಮಾಡಿ, ಹೇಗಿದ್ದಾಳೆ ನಿನ್ನ ಹೆಂಡತಿ ಅಂತ ಕೇಳಿದರೆ ಸಾಕು, ಕೈ ಎತ್ತಲ್ಲ. ಕೇಳದೆ ಇದ್ದರೆ ಗೊತ್ತಲ್ಲ.”

ಅಕ್ಕ ಗೋಡೆ ಬಿಟ್ಟು ಕುರ್ಚಿಯ ಹತ್ತಿರ ಬಂದಳು.

“ಕೇಳ್ತೀರಾ ಅತ್ತೆ?”

“ನೋಡೋಣ. ದಿನ ದಿನ ನನ್ನ ಮಂಡಿ ಹೇಗಿರುತ್ತೋ, ಮನಸ್ಸು ಹಾಗಿರುತ್ತೆ.”

ಅವರು ಬಲಗಾಲನ್ನು ಸ್ಟೂಲಿನಿಂದ ಇಳಿಸಿ ಎಡಗಾಲನ್ನು ಮೇಲಿಟ್ಟರು.

ಅಕ್ಕ ಕಾಲು ತೊಳೆದುಕೊಂಡು ಬಂದು ನೆಲದ ಮೇಲೆ ಕುಳಿತಳು. ಬಟ್ಟಲಿಗೆ ಬೆರಳು ಅದ್ದಿ ನೋಡಿದಳು. ಎಣ್ಣೆ ತಣ್ಣಗಾಗಿತ್ತು. ಎದ್ದು, ಬಟ್ಟಲು ತೆಗೆದುಕೊಂಡು, ಬಿಸಿ ಮಾಡಲು ಒಳಗೆ ಹೋದಳು.